ಮಾಮಾನ ಮಂಡಿ ಮತ್ತು ಇಟಲಿಯ ಕೆಸರು

ದೋಹಾದ ಬೇಸಿಗೆಯಲ್ಲಿ ಬಿಸಿನೀರಿಗೆ ಬರವಿಲ್ಲ. ಜೂನ್ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಿಂದ ಕೈ ಸುಡುವ ನೀರು ತಾನಾಗಿ ಇಳಿಯುತ್ತದೆ. ನಜ್ಮಾ ಬಡಾವಣೆಯ ನಮ್ಮ ಕೋಣೆಯಲ್ಲಿ ಸಂಜೆಯ ಸ್ನಾನಕ್ಕೆ ಬೆಳಿಗ್ಗೆಯೇ ಬಕೆಟ್ ತುಂಬಿಸಿ ಆರಲು ಇಡಬೇಕಾಗುತ್ತಿತ್ತು. ಹಾಗಿರುವಾಗ, ಕೆಲಸದ ಮನೆಯ ಮುದುಕಿಯ ಜೊತೆ ಬಿಸಿನೀರಿನ ಸ್ನಾನಕ್ಕೆ ಇಟಲಿಗೆ ಹೋಗಬೇಕಾಗಿದೆ ಎಂದು ನಾನು ಹೇಳಿದಾಗ ನನ್ನ ಗಂಡ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

"ನಿಮ್ಮ ಮುದುಕಿಗೆ ಎಂತ ಮರುಳಾ ಮಾರಾಯ್ತಿ? ಬಿಸಿನೀರಿಗೆ ಇಟಲಿಗಾ? ಇಲ್ಲಿಗೆ ಬರ್ಲಿಕ್ಕೆ ಹೇಳು, ನಮ್ಮ ಬಾತ್‌ರೂಮಿನಲ್ಲಿ ಪುಕ್ಕಟೆ ಉಂಟು."

ಅವರು ಹೇಳಿದ್ದು ತಮಾಷೆಗೆ. ಆದರೂ ನನಗೆ ಸಿಟ್ಟು ಬಂತು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುವುದು, ಈ ವಯಸ್ಸಿನಲ್ಲೂ ಅದೇನೂ ಕೆಳಗಿಳಿದಿಲ್ಲ. ಮಾಮಾನನ್ನು ನಾನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಬೇರೆಯವರು ಆಡಿಕೊಳ್ಳುವ ಹಾಗಿಲ್ಲ. ಆ ಹೊತ್ತು ಗಂಡನಿಗೆ ಚಹಾ ಮಾಡಿ ಕೊಡಲಿಲ್ಲ.

ಮಾಮಾ ಎಂದರೆ ಆ ಮುದುಕಿಯೇ. ಗಲ್ಫಿನ ಮನೆಗಳಲ್ಲಿ ಕೆಲಸದವರು ಯಜಮಾನಿಯನ್ನು ಹಾಗೆ ಕರೆಯುವುದು ರೂಢಿ, ತಾಯಿ ಎಂಬ ಅರ್ಥದಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ನಾನು ಪುತ್ತೂರಿನ ನರ್ಸಿಂಗ್ ಹೋಮೊಂದರ ಆಯಾ ಕೆಲಸ ಬಿಟ್ಟು ದೋಹಾಕ್ಕೆ ಬಂದೆ. ಗಂಡ ಮೊದಲೇ ನಜ್ಮಾದಲ್ಲಿ ಹೆಂಗಸರ ಕರಿ ಮೇಲಂಗಿ ಅಬಾಯ ಹೊಲಿಯುವ ದರ್ಜಿಯಾಗಿದ್ದರು. ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸಂಬಳ ಅವರಿಗಿರಲಿಲ್ಲವಾದ್ದರಿಂದ, ಅಲ್ ಸದ್ದ್‌ನ ಒಂದು ದೊಡ್ಡ ಮನೆಯ ವೀಸಾದಲ್ಲಿ, ಆ ಮನೆಯ ಮುದುಕಿಯನ್ನು ನೋಡಿಕೊಳ್ಳುವವಳಾಗಿ ನಾನು ಬಂದದ್ದು. ವಾರವಿಡೀ ಅಲ್ಲಿ, ಶುಕ್ರವಾರ ಸಂಜೆ ನಜ್ಮಾದಲ್ಲಿ. ಗಂಡ ಹೆಂಡತಿ ಒಂದೇ ಊರಿನಲ್ಲಿದ್ದೂ ವಾರಕ್ಕೊಮ್ಮೆ ನೆಂಟರ ಹಾಗೆ ಭೇಟಿಯಾಗುತ್ತಿದ್ದೆವು.

ಮಾಮಾ ಹುಟ್ಟಿದ್ದು ಉತ್ತರದ ಅಲ್ ಶಮಾಲ್ ಕಡೆಯ ಕಡಲ ದಂಡೆಯ ಹಳ್ಳಿಯಲ್ಲಿ. ಸಣ್ಣವರಿದ್ದಾಗ ಬಾವಿಯಿಂದ ತಲೆಯ ಮೇಲೆ ನೀರು ಹೊತ್ತವರು. ಆಮೇಲೆ ಮಕ್ಕಳು ವ್ಯಾಪಾರದಲ್ಲಿ ಮೇಲೆ ಬಂದು, ಎ.ಸಿ. ಹಾಕಿದ ಮನೆ, ಕಾರು ಎಲ್ಲ ಆದವು. ಅಷ್ಟು ಹೊತ್ತಿಗೆ ಮಂಡಿಗಳು ಹೋಗಿಬಿಟ್ಟಿದ್ದವು. ಅವರು ಮಾತಾಡುತ್ತಿದ್ದದ್ದು ಹಳ್ಳಿಯ ಅರಬಿ. ಮೊದಲ ವರ್ಷ ನನಗೆ ಯಲ್ಲಾ, ಖಲಾಸ್, ಮಾಫಿ ಬಿಟ್ಟರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆಮೇಲೆ ಎಷ್ಟು ತಿಳಿಯಿತೆಂದರೆ, ಈಗ ನೆನೆಸಿಕೊಂಡರೆ ಅವರ ಮಾತೆಲ್ಲ ನಮ್ಮ ಪುತ್ತೂರಿನ ಕನ್ನಡದಲ್ಲೇ ಕಿವಿಗೆ ಬೀಳುತ್ತದೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ.

ಅವರ ದುಃಖ ಏನೆಂದು ತಿಳಿಯಬೇಕಾದರೆ ಆ ಮನೆಯ ಶುಕ್ರವಾರದ ಊಟ ನೋಡಬೇಕು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರುತ್ತಿದ್ದರು. ದೊಡ್ಡ ಹಜಾರದ ಕಾರ್ಪೆಟ್ಟಿನ ಮೇಲೆ ಸುಪ್ರ ಎಂಬ ಊಟದ ಹಾಸು ಹರಡಿ, ಮಧ್ಯದಲ್ಲಿ ಗಾಡಿಯ ಚಕ್ರದಷ್ಟು ಅಗಲದ ತಟ್ಟೆ. ಅದರಲ್ಲಿ ಮಚ್ಬೂಸ್, ಅಂದರೆ ಮಸಾಲೆಯ ಅನ್ನ, ಅದರ ಮೇಲೆ ಇಡೀ ಕುರಿಯ ಮಾಂಸ. ಎಲ್ಲರೂ ಸುತ್ತ ಕೂತು ಒಂದೇ ತಟ್ಟೆಯಿಂದ ಉಣ್ಣುವುದು. ನಮ್ಮ ಬ್ಯಾರಿಗಳ ಮದುವೆಗಳಲ್ಲೂ ಒಂದೇ ತಟ್ಟೆಗೆ ನಾಲ್ಕಾರು ಜನ ಕೂರುವುದುಂಟು, ಹಾಗಾಗಿ ನನಗೆ ಅದು ಹೊಸತಲ್ಲ. ಹೊಸತಾಗಿ ಕಂಡದ್ದು ಎರಡು. ಒಂದು, ಮನೆಯ ಹಿರಿಯರು ಮಾಂಸವನ್ನು ಕೈಯಿಂದಲೇ ಬಿಡಿಸಿ ಒಬ್ಬೊಬ್ಬರ ಮುಂದೆ ತಳ್ಳುವುದು. ಯಾರಿಗೆ ಯಾವ ತುಂಡು ಎಂಬುದು ಅವರ ಅಧಿಕಾರ, ಅವರ ಪ್ರೀತಿ. ಇನ್ನೊಂದು, ತಟ್ಟೆಯ ಬಳಿ ಒಬ್ಬರು ಉಣ್ಣುತ್ತಿದ್ದರೂ ಸಾಕು, ಹಿರಿಯರು ಏಳುವ ಹಾಗಿಲ್ಲ. ಉಣ್ಣುವವರನ್ನು ಒಂಟಿಯಾಗಿ ಬಿಟ್ಟು ಎದ್ದು ಹೋಗುವುದು ಅವಮಾನ. ಕಟ್ಟಕಡೆಯ ಮಗು ಬೆರಳು ನೆಕ್ಕಿ ಮುಗಿಸುವ ತನಕ ಮಾಮಾ ಕೂತೇ ಇರುತ್ತಿದ್ದರಂತೆ.

ಇರುತ್ತಿದ್ದರಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಹೋಗುವಷ್ಟರಲ್ಲಿ ಅವರು ನೆಲ ಬಿಟ್ಟು ಸೋಫಾ ಹತ್ತಿ ಆಗಿತ್ತು. ಅವರ ಮುಂದೆ ಒಂದು ಸಣ್ಣ ಟೀಪಾಯಿ, ಅದರ ಮೇಲೆ ಪಿಂಗಾಣಿಯ ಪ್ಲೇಟು, ಚಮಚ. ಎಲ್ಲರೂ ಕೆಳಗೆ ಕೂತು ಗಲಗಲ ಉಣ್ಣುವಾಗ ಇವರು ಮೇಲೆ ಒಬ್ಬರೇ. ಯಾರೂ ಅಲಕ್ಷ್ಯ ಮಾಡಿದ್ದಲ್ಲ, ಮೊಮ್ಮಕ್ಕಳು ಓಡಿ ಓಡಿ ಒಳ್ಳೆಯ ತುಂಡುಗಳನ್ನೇ ತಂದು ಕೊಡುತ್ತಿದ್ದರು. ಮೊದಮೊದಲು ಮಾಮಾ ಮೇಲಿಂದಲೇ, "ಆ ಎಲುಬು ಸಣ್ಣವನಿಗೆ ಬೇಡ, ಕೊಬ್ಬು ನಿಮ್ಮ ಅಣ್ಣನಿಗೆ ಆಗುವುದಿಲ್ಲ" ಎಂದು ಕೂಗಿ ಹೇಳುತ್ತಿದ್ದರು. ಗಲಾಟೆಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ನಂತರ ಹೇಳುವುದನ್ನೇ ಬಿಟ್ಟರು. ಅವರ ಹಿಂದೆ ನಿಂತಿರುತ್ತಿದ್ದ ನನಗೆ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುವುದು ಕಾಣುತ್ತಿತ್ತು. ನಾನಂತೂ ಅವರದೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಇತರ ಕೆಲಸದವರ ಜೊತೆ ಉಣ್ಣುತ್ತಿದ್ದೆ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ, ಲೋಕ ಇರುವುದೇ ಹಾಗೆ ಎಂದುಕೊಂಡಿದ್ದೆ.

ದೋಹಾದ ಡಾಕ್ಟರು ಆಪರೇಶನ್ ಮಾಡಿ ಹೊಸ ಮಂಡಿ ಕೂರಿಸಬಹುದು ಎಂದರು. ನೋವು ಹೋಗುತ್ತದೆ, ನಡೆಯಬಹುದು.

"ನೆಲದಲ್ಲಿ ಕೂತುಕೊಳ್ಳಲಿಕ್ಕೆ ಆಗುತ್ತದಾ? ಅಷ್ಟು ಕೇಳು," ಎಂದರು ಮಾಮಾ ಮಗನ ಹತ್ತಿರ.

ಅದನ್ನು ಮರೆತುಬಿಡಬೇಕು ಎಂದರು ಡಾಕ್ಟರು.

"ಖಲಾಸ್. ಹಾಗಾದರೆ ಆ ಹೊಸ ಮಂಡಿಗಂಟು ನನಗೆ ಬೇಡ. ನೋವು ಇದ್ದರೆ ಇರಲಿ. ನನಗೆ ನೆಲ ಬೇಕು."

ಎರಡನೆಯ ಮಗ ಇಟಲಿಯಿಂದ ಮಾರ್ಬಲ್ ತರಿಸುವ ವ್ಯಾಪಾರದಲ್ಲಿದ್ದ. ಉತ್ತರ ಇಟಲಿಯಲ್ಲಿ ಎವುಗಾನೇಯಿ ಎಂಬ ಬೆಟ್ಟಸಾಲು ಇದೆ, ಅದರ ಬುಡದ ಊರುಗಳಲ್ಲಿ ನೆಲದೊಳಗಿಂದ ಕುದಿಯುವ ನೀರು ಬರುತ್ತದೆ, ಆ ನೀರಲ್ಲಿ ನೆನೆಸಿಟ್ಟ ಕೆಸರು ಮೆತ್ತಿ ಮಂಡಿನೋವು ವಾಸಿ ಮಾಡುತ್ತಾರೆ ಎಂದು ಅವನಿಗೆ ಅಲ್ಲಿಯ ವ್ಯಾಪಾರಿಗಳು ಹೇಳಿದ್ದರಂತೆ. ಮಾಮಾ ಒಪ್ಪಿದರು. ಆ ಮಗನೇ ಕರೆದುಕೊಂಡು ಹೋಗುವುದು, ಜೊತೆಗೆ ನಾನೂ ಹೋಗಬೇಕು ಎಂದು ನಿಶ್ಚಯವಾಯಿತು. ಬೇರೆ ಯಾರ ಕೈಯಿಂದಲೂ ಅವರು ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ವಿಮಾನದಲ್ಲಿ ಮಾಮಾ ನನ್ನನ್ನು ಕೇಳಿದರು, "ನೆಲದೊಳಗಿಂದ ಬಿಸಿನೀರು ಬರುವುದನ್ನು ನೀನು ಎಲ್ಲಿಯಾದರೂ ನೋಡಿದ್ದೀಯಾ ಬಿಂತಿ?" ಬಿಂತಿ ಎಂದರೆ ಮಗಳೇ ಎಂದು.

ನೋಡಿದ್ದೇನೆ ಎಂದೆ. ನಮ್ಮ ಪುತ್ತೂರಿನ ಹತ್ತಿರವೇ ಬೆಂದ್ರು ತೀರ್ಥ ಇದೆ. ಶಾಲೆಯಿಂದ ನಮ್ಮನ್ನು ಒಮ್ಮೆ ಕರೆದುಕೊಂಡು ಹೋಗಿದ್ದರು. ಕಲ್ಲಿನ ಕೆರೆಯಲ್ಲಿ ನೀರು ಬೆಚ್ಚಗೆ ಉಕ್ಕುತ್ತದೆ, ಚರ್ಮದ ಕಾಯಿಲೆಯವರು ಬಂದು ಮೀಯುತ್ತಾರೆ. ಹುಡುಗರೆಲ್ಲ ಅಂಗಿ ಕಳಚಿ ಹಾರಿದರು, ನಾವು ಹುಡುಗಿಯರು ಕಾಲು ಇಳಿಬಿಟ್ಟು ಕೂತಿದ್ದೆವು.

"ನಿನ್ನ ಮನೆಯ ಹತ್ತಿರವೇ ಅಂಥ ನೀರು ಇಟ್ಟುಕೊಂಡು ಎಂತಕ್ಕೆ ಕತಾರಿಗೆ ಬಂದದ್ದು ನೀನು?"

"ಹೊಟ್ಟೆಗೆ ಬರೀ ಬಿಸಿನೀರು ಸಾಕಾಗುವುದಿಲ್ಲ ಮಾಮಾ," ಎಂದೆ. ಅವರು ವಿಮಾನವೆಲ್ಲ ತಿರುಗಿ ನೋಡುವ ಹಾಗೆ ನಕ್ಕರು.

ಇಳಿದ ಮೇಲೆ ಕಾರಿನಲ್ಲಿ ಬಹಳ ಹೊತ್ತು ಬರೀ ಸಮತಟ್ಟು ಗದ್ದೆ. ಬೆಟ್ಟ ಎಲ್ಲಿ ಎಂದು ನಾನು ಮನಸ್ಸಿನಲ್ಲೇ ಗೊಣಗುತ್ತಿರುವಾಗ ಅವು ಇದ್ದಕ್ಕಿದ್ದಂತೆ ಕಂಡವು. ಅಂಗಳದಲ್ಲಿ ಭತ್ತ ರಾಶಿ ಹಾಕಿದ ಹಾಗೆ, ಒಂದಕ್ಕೊಂದು ಸಂಬಂಧವಿಲ್ಲದೆ, ಬಯಲಿನಿಂದ ನೇರವಾಗಿ ಎದ್ದ ಹಸಿರು ಗುಡ್ಡೆಗಳು. ಮೈತುಂಬ ದ್ರಾಕ್ಷಿ ತೋಟ. ಇವೆಲ್ಲ ಒಂದು ಕಾಲದಲ್ಲಿ ಬೆಂಕಿ ಕಾರಿದ ಬೆಟ್ಟಗಳು ಎಂದು ಮಗ ಹೇಳಿದ. ಮಾಮಾ ಕಿಟಕಿಯಿಂದ ಕೈ ಒಳಗೆ ಎಳೆದುಕೊಂಡು, "ಈಗ ಬೆಂಕಿ ಇಲ್ಲವಲ್ಲ?" ಎಂದು ಕೇಳಿದರು. ಎಷ್ಟೋ ಕೋಟಿ ವರ್ಷದ ಹಿಂದಿನ ಮಾತು ಎಂದ ಮೇಲೆ ಸಮಾಧಾನವಾಯಿತು.

ಆ ಊರಿನಲ್ಲಿ ರಸ್ತೆಬದಿಯ ಚರಂಡಿಯಿಂದಲೂ ಹಬೆ ಏಳುತ್ತಿತ್ತು. ನಾವಿದ್ದ ಹೋಟೆಲಿಗೆ ತನ್ನದೇ ಬಿಸಿನೀರಿನ ಬಾವಿ, ತನ್ನದೇ ಕೆಸರಿನ ತೊಟ್ಟಿ. ಅಲ್ಲಿಯ ಡಾಕ್ಟರು ಮಾಮಾನ ರಕ್ತದೊತ್ತಡ ನೋಡಿ, ಕಾಲು ಮಡಚಿ ನೋಡಿ, ಇಂಗ್ಲಿಷಿನಲ್ಲಿ ವಿವರಿಸಿದರು. ಈ ನೀರು ಎಲ್ಲೋ ದೂರದ ಪರ್ವತಗಳಲ್ಲಿ ಸುರಿದ ಮಳೆ. ನೆಲದ ಆಳಕ್ಕಿಳಿದು, ಎಷ್ಟೋ ವರ್ಷ ಒಳಗೊಳಗೇ ನಡೆದು, ಕಾದು, ಇಲ್ಲಿ ಮೇಲೆ ಬರುತ್ತದೆ. ಮಗ ಅದನ್ನು ಮಾಮಾನಿಗೆ ಅರಬಿಯಲ್ಲಿ ಹೇಳಿದ.

"ಹಾಗಾದರೆ ಇದು ನಾನು ಮದುಮಗಳಾಗಿದ್ದಾಗ ಬಿದ್ದ ಮಳೆ ಇರಬೇಕು," ಎಂದರು. "ಆಗ ನನ್ನ ಗಂಟು ಸರಿ ಇತ್ತು. ಕೇಳು ಅವರ ಹತ್ತಿರ, ಕೂತುಕೊಳ್ಳಲಿಕ್ಕೆ ಆಗುತ್ತದಾ?"

ಡಾಕ್ಟರು ಭುಜ ಹಾರಿಸಿ, ನೋಡೋಣ ಎಂದರು. ಮಗ ಅದನ್ನು "ಇನ್ಶಾ ಅಲ್ಲಾಹ್ ಆಗುತ್ತದೆ" ಎಂದು ತಿಳಿಸಿದ. ಮತ್ತೆ ಕೆಲಸದ ಮೇಲೆ ಬೇರೆ ಊರಿಗೆ ಹೋದ. ಉಳಿದದ್ದು ನಾವಿಬ್ಬರೇ, ಗೊತ್ತಿಲ್ಲದ ಭಾಷೆಯ ನಡುವೆ.

ಕೆಸರಿನ ಕೆಲಸ ಬೆಳಕು ಹರಿಯುವ ಹೊತ್ತಿಗೇ ಶುರು. ಮಾಮಾ ಬೆಳಗಿನ ನಮಾಜು ಮುಗಿಸಿ ಕುರ್ಚಿಯಿಂದ ಏಳುವಷ್ಟರಲ್ಲಿ ಕೆಳಗಿಂದ ಫೋನು ಬರುತ್ತಿತ್ತು. ಹೆಂಗಸರಿಗೆಂದೇ ಇದ್ದ ಕೋಣೆಯಲ್ಲಿ ದೊಡ್ಡ ಮೈಕಟ್ಟಿನ ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಬೂದು ಬಣ್ಣದ ಬಿಸಿ ಕೆಸರು ತಂದು ಹಾಸಿಗೆಯ ಮೇಲೆ ಸುರಿದು, ಅದರ ಮೇಲೆ ಮಾಮಾನನ್ನು ಮಲಗಿಸಿ, ಮಂಡಿಗಳ ಸುತ್ತ ಇನ್ನಷ್ಟು ಮೆತ್ತಿ, ಬಟ್ಟೆ ಸುತ್ತಿ ಬಿಡುತ್ತಿದ್ದಳು. ಮಾಮಾ ಕಣ್ಣು ಮುಚ್ಚಿ ಕುರಾನಿನ ಸೂರಾಗಳನ್ನು ಓದುತ್ತಾ ಬೆವರುತ್ತಿದ್ದರು. ಆಮೇಲೆ ತೊಳೆದು ತೊಟ್ಟಿಸ್ನಾನ. ಕೋಣೆಗೆ ಬಂದು ಹೊದ್ದು ಮಲಗಬೇಕು. ದಿನಾ ಇದೇ. ಕೆಲವು ದಿನವಾದರೂ ಮಂಡಿ ಅಲ್ಲಾಡಲಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಈ ಬಿಳಿಯರಿಗೆ ಬಿಸಿನೀರು ಗೊತ್ತು, ಸ್ನಾನ ಗೊತ್ತಿಲ್ಲ ಎಂದು ನನಗೆ ಅನಿಸಿದ್ದು ಆಗ. ನಮ್ಮ ಕಡೆ ಮೈಗೆ ಎಣ್ಣೆ ಹಚ್ಚದೆ ಯಾರಾದರೂ ಬಿಸಿನೀರು ಹೊಯ್ಯುತ್ತಾರೆಯೇ? ಬಾಣಂತಿಯಾದರೂ ಸರಿ, ಮುದುಕರಾದರೂ ಸರಿ, ಮೊದಲು ಎಣ್ಣೆ, ಆಮೇಲೆ ನೀರು. ನನ್ನ ಪೆಟ್ಟಿಗೆಯಲ್ಲಿ ಊರಿನ ತೆಂಗಿನೆಣ್ಣೆಯ ಬಾಟಲಿ ಇತ್ತು. ಮರುದಿನ ಕೆಳಗೆ ಹೋಗುವ ಮೊದಲು ಮಾಮಾನ ಎರಡೂ ಕಾಲಿಗೆ, ಸೊಂಟಕ್ಕೆ, ಬೆನ್ನಿಗೆ ಎಣ್ಣೆ ಸುರಿದು ತಿಕ್ಕಿದೆ. ಮಾಮಾ ಸುಖವಾಗಿ ನಿಟ್ಟುಸಿರು ಬಿಟ್ಟರು. "ಇವತ್ತು ಆಗುತ್ತದೆ ನೋಡಿ," ಎಂದು ನಾನು ಧೈರ್ಯ ಹೇಳಿದೆ.

ಕೆಸರು ನಿಲ್ಲಲಿಲ್ಲ. ಆ ಹೆಂಗಸು ಮೆತ್ತಿದ್ದೆಲ್ಲ ಜಾರಿ ಜಾರಿ ಕೆಳಗೆ ಬಿತ್ತು. ಅವಳು ಮಾಮಾನ ಕಾಲಿಗೆ ಬೆರಳು ತಾಗಿಸಿ ಮೂಸಿ ನೋಡಿದಳು. ಮತ್ತೆ ನನ್ನನ್ನು ನೋಡಿ ಶುರು ಮಾಡಿದಳು, ಇಟಾಲಿಯನ್ನಿನಲ್ಲಿ, ಬಾಯಿಗೆ ಬಂದ ಹಾಗೆ. ನಾನು ಸುಮ್ಮನಿರುವವಳೇ? ನನ್ನ ಬ್ಯಾರಿಭಾಷೆಯಲ್ಲಿ ತಿರುಗಿ ಕೊಟ್ಟೆ. ನಮ್ಮಿಬ್ಬರ ನಡುವೆ ಎಣ್ಣೆ, ಕೆಸರು ಬಳಿದುಕೊಂಡು ಮಲಗಿದ್ದ ಮಾಮಾ ಹೊಟ್ಟೆ ಕುಣಿಸಿ ನಗತೊಡಗಿದರು. ಅದನ್ನು ನೋಡಿ ಅವಳಿಗೂ ನಗು ತಡೆಯಲಾಗಲಿಲ್ಲ. ಕೆಸರು ಇವತ್ತಿಗೆ ಇಲ್ಲ ಎಂದು ಕೈಸನ್ನೆ ಮಾಡಿದಳು. ಸೋಪು ಹಾಕಿ ತೊಳೆಸಿ, ಬಂದ ದಾರಿಗೆ ಸುಂಕವಿಲ್ಲವೆಂಬ ಮುಖದಲ್ಲಿ ನಿಂತಿದ್ದ ನಮ್ಮನ್ನು ಪಕ್ಕದ ಬಾಗಿಲು ತೆರೆದು ಒಳಗಿನ ಈಜುಕೊಳಕ್ಕೆ ಕರೆದೊಯ್ದಳು. ಉಳಿದ ಅತಿಥಿಗಳು ಇನ್ನೂ ಎದ್ದಿರಲಿಲ್ಲ. ಅಲ್ಲಿ ಈಜುಡುಪು ಹಾಕದೆ ಇಳಿಯುವ ಹಾಗಿಲ್ಲವೆಂದು ನಾವು ಅತ್ತ ತಲೆಹಾಕಿರಲಿಲ್ಲ. ಅವಳು ಮಾಮಾನ ಉದ್ದನೆಯ ಹತ್ತಿ ಅಂಗಿಯನ್ನೇ ತೋರಿಸಿ, ಹೀಗೆಯೇ ಇಳಿಯಿರಿ ಎಂದು ಸನ್ನೆ ಮಾಡಿ, ಬಾಗಿಲು ಮುಚ್ಚಿ ಹೊರಗೆ ಕಾವಲು ನಿಂತಳು.

ನಾನೂ ಚೂಡಿದಾರದಲ್ಲೇ ಇಳಿದೆ. ಮೆಟ್ಟಿಲ ಪಕ್ಕ ನೀರು ತೊಡೆ ಮುಳುಗುವಷ್ಟೇ ಆಳ. ಬೆಚ್ಚಗಿತ್ತು. ಮಾಮಾ ಕಂಬಿ ಹಿಡಿದು ನಿಂತಿದ್ದವರು ಒಂದು ಕೈ ಬಿಟ್ಟರು, ಮತ್ತೊಂದನ್ನೂ ಬಿಟ್ಟರು. ಬೀಳುತ್ತಾರೆಂದು ನಾನು ಚಾಚಿದ ಕೈಯನ್ನು ತಳ್ಳಿದರು. ನಿಧಾನಕ್ಕೆ ಕೆಳಗಿಳಿದರು. ಸೊಂಟ, ಎದೆ, ಕುತ್ತಿಗೆ. ನೀರಿನ ಮೇಲೆ ಮುಖ ಮಾತ್ರ ಉಳಿಯಿತು. ಬಗ್ಗಿ ನೋಡಿದರೆ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಬಿಂತಿ, ನೋಡು. ನನ್ನ ಕಾಲು ನೋಡು."

ಅವರ ಬಲಗೈ ನೀರಿನ ಮೇಲೆ ಬಂತು. ಎದುರಿಗೆ ತಟ್ಟೆ ಇದೆಯೇನೋ ಎಂಬಂತೆ ಬೆರಳುಗಳಿಂದ ಏನನ್ನೋ ಬಿಡಿಸಿ ಅತ್ತ ಇತ್ತ ತಳ್ಳಿದರು. "ಇದು ದೊಡ್ಡವನಿಗೆ. ಇದು ಸಣ್ಣವಳಿಗೆ, ಎಲುಬು ಇಲ್ಲ, ತಿನ್ನು." ನೀರು ಸಣ್ಣಗೆ ಅಲೆಯಾಗಿ ನನ್ನ ಹತ್ತಿರ ಬಂತು. ನನಗೆ ಖುಷಿಯಾಯಿತು, ಅಷ್ಟೇ ಹೆದರಿಕೆಯೂ ಆಯಿತು. ನೀರಿನಿಂದ ಹೊರಗೆ ಬಂದ ಮೇಲೆ ಏನು ಎಂದು ನನಗೆ ಗೊತ್ತಿತ್ತು.

ಕೋಣೆಗೆ ಬಂದವರೇ ಅವರು ಕಾರ್ಪೆಟ್ಟಿನ ಮೇಲೆ ಕೂರಲು ನೋಡಿದರು. ಅರ್ಧಕ್ಕೆ ಬಂದು, "ಯಾ ಅಲ್ಲಾಹ್" ಎಂದು ಮಂಚ ಹಿಡಿದುಕೊಂಡರು. ಮುಖ ಬಿಳಿಚಿತ್ತು.

"ನೀರಿನಲ್ಲಿ ಆದದ್ದು ಇಲ್ಲಿ ಎಂತಕ್ಕೆ ಆಗುವುದಿಲ್ಲ?"

"ನೀರು ಎತ್ತಿ ಹಿಡಿಯುತ್ತದೆ ಮಾಮಾ. ನೆಲ ಹಿಡಿಯುವುದಿಲ್ಲ."

ಅವರು ಮಂಚದ ಮೇಲೆ ಕೂತು ತುಂಬ ಹೊತ್ತು ಕಿಟಕಿಯಾಚೆಯ ಗುಡ್ಡೆಗಳನ್ನು ನೋಡಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ಹಾಗಾದರೆ ನೀನು ಹಿಡಿ," ಎಂದರು.

ಅಂದಿನಿಂದ ಬೆಳಿಗ್ಗೆ ಕೆಸರು, ಅದಾದ ಮೇಲೆ ಆ ಹೆಂಗಸಿನ ದಯೆಯಿಂದ ಕೊಳ, ಮಧ್ಯಾಹ್ನ ಕೋಣೆಯಲ್ಲಿ ನಮ್ಮದೇ ಅಭ್ಯಾಸ. ನಾನು ಹಿಂದಿನಿಂದ ಅವರ ಕಂಕುಳಿಗೆ ಕೈ ಹಾಕಿ ಭಾರ ಹಿಡಿಯುವುದು, ಅವರು ಇಳಿಯುವುದು. ಕೆಸರು ತನ್ನ ಕೆಲಸ ಮಾಡಲೇ ಇಲ್ಲ ಎಂದರೆ ತಪ್ಪಾದೀತು. ಬಾವು ಇಳಿಯಿತು, ನಡಿಗೆ ಹಗುರಾಯಿತು. ಕೊನೆಕೊನೆಗೆ ಒಂದು ಕಾಲು ಮಡಚಿ, ಇನ್ನೊಂದನ್ನು ಸ್ವಲ್ಪ ಚಾಚಿ, ಮಂಚದ ಅಂಚು ಹಿಡಿದು ತಾವೇ ನೆಲಕ್ಕೆ ಇಳಿಯುವಂತಾದರು. ಆದರೆ ಏಳುವುದು ಆಗಲಿಲ್ಲ. ಒಮ್ಮೆಯೂ ಆಗಲಿಲ್ಲ. ಪ್ರತಿ ಸಲವೂ ನಾನು ಹಲ್ಲು ಕಚ್ಚಿ ಎತ್ತಬೇಕು, ಅವರು ನೋವಿಗೆ ನನ್ನ ತೋಳಿನಲ್ಲಿ ಉಗುರು ಊರುತ್ತಿದ್ದರು.

ಸಂಜೆ ಸ್ವಲ್ಪ ನಡೆಯುತ್ತಿದ್ದೆವು. ಊರಿನ ನಡುವೆ ಬೇಲಿ ಹಾಕಿದ ಒಂದು ತಗ್ಗಿನಲ್ಲಿ ರೋಮನ್ನರ ಕಾಲದ ಸ್ನಾನದ ಕೊಳಗಳ ಅವಶೇಷವಿತ್ತು. ಮುರಿದ ಗೋಡೆಗಳು, ಹುಲ್ಲು ಬೆಳೆದ ಕಲ್ಲಿನ ಮೆಟ್ಟಿಲುಗಳು. ಎರಡು ಸಾವಿರ ವರ್ಷದ ಹಿಂದೆಯೂ ಜನ ದೂರದೂರದಿಂದ ಇಲ್ಲಿಗೆ ಬರುತ್ತಿದ್ದರು ಎಂದು ಮಗ ಹೇಳಿದ್ದ. ಮಾಮಾ ಬೇಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು.

"ಅಷ್ಟು ದೊಡ್ಡ ಜನ. ಅವರಿಗೂ ಗಂಟು ನೋವು ಇತ್ತು ಹಾಗಾದರೆ," ಎಂದರು.

ಅದು ಅವರಿಗೆ ಒಂದು ರೀತಿಯ ಸಮಾಧಾನ ಕೊಟ್ಟಂತೆ ಕಂಡಿತು. ನನಗೂ ಕೊಟ್ಟಿತು. ಬೆಂದ್ರು ತೀರ್ಥದ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮುದುಕರೆಲ್ಲ ನನಗೆ ನೆನಪಾದರು. ನೆಲ ಬೆಚ್ಚಗೆ ನೀರು ಕೊಡುವ ಕಡೆಯೆಲ್ಲ ಮನುಷ್ಯರು ತಮ್ಮ ನೋವು ತೆಗೆದುಕೊಂಡು ಬಂದು ಕೂತಿದ್ದಾರೆ. ವಾಸಿಯಾದದ್ದು ಎಷ್ಟು ಜನಕ್ಕೋ ಯಾರಿಗೆ ಗೊತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಹೋಟೆಲಿನ ಊಟದ ಹಾಲಿನಲ್ಲಿ ನಮ್ಮಿಬ್ಬರಿಗೆ ಒಂದೇ ಮೇಜು ಇಟ್ಟಿದ್ದರು. ಮೊದಲ ದಿನ ಮಗ ಜೊತೆಗಿದ್ದಾಗ ನಾನು ಕೋಣೆಯಲ್ಲೇ ಬ್ರೆಡ್ಡು ತಿಂದಿದ್ದೆ. ಅವನು ಹೋದ ಮೇಲೆ ಮಾಮಾ ಎದುರಿನ ಕುರ್ಚಿ ತೋರಿಸಿ, "ಕೂತ್ಕೋ, ಇಲ್ಲಿ ಯಾರು ನೋಡುತ್ತಾರೆ?" ಎಂದರು. ಹಲಾಲ್ ಮಾಂಸ ಸಿಗದ ಕಾರಣ ಮೀನು, ಮೊಟ್ಟೆ, ಅನ್ನ. ಅಲ್ಲಿಯ ಅನ್ನ ಅವರಿಗೆ ಸರಿಬರಲಿಲ್ಲ. ಬೆಂದಿಲ್ಲ ಎಂದು ಎರಡು ಸಲ ಅಡುಗೆಮನೆಗೆ ವಾಪಸು ಕಳಿಸಿದರು. ಮೀನು ಬಂದಾಗ ಮಾತ್ರ ಚಮಚ, ಮುಳ್ಳುಚಮಚ ಎಲ್ಲ ಬದಿಗಿಟ್ಟು ಕೈಯಿಂದ ಬಿಡಿಸಿ, ಮುಳ್ಳು ತೆಗೆದು, ನನ್ನ ತಟ್ಟೆಗೆ ಹಾಕಿದರು. ನಾನು ಗಾಬರಿಯಾಗಿ ಬೇಡ ಬೇಡ ಎಂದೆ.

"ಸುಮ್ಮನೆ ತಿನ್ನು. ಈ ಕೈಗೆ ಕೆಲಸ ಇಲ್ಲದೆ ಎಷ್ಟು ಸಮಯ ಆಯಿತು," ಎಂದರು.

ದೋಹಾಕ್ಕೆ ಮರಳಿದ ಮೇಲೆ ಮೊದಲ ಶುಕ್ರವಾರ ಬಂತು. ಬೆಳಿಗ್ಗೆ ಅವರ ತಲೆ ಬಾಚುತ್ತಾ ನಾನೇ ಮಾತು ತೆಗೆದೆ. "ಇಳಿಯುವುದು ಸರಿ. ಏಳುವುದು ಹೇಗೆ? ಎಲ್ಲರ ಮುಂದೆ ನಾನು ಎತ್ತಿದರೆ, ನೀವು ಕಿರುಚಿದರೆ, ಮತ್ತೆ ಸೋಫಾವೇ. ಇನ್ನು ಮೇಲೆ ಇಳಿಯಲಿಕ್ಕೆ ಬಿಡುವುದಿಲ್ಲ ಅವರು."

"ಎಲ್ಲರೂ ಎದ್ದು ಹೋದ ಮೇಲೆ ಎತ್ತು."

"ನೀವು ಒಬ್ಬರೇ ಕೂತಿದ್ದರೆ ಯಾಕೆ ಎಂದು ಕೇಳುವುದಿಲ್ಲವಾ?"

"ಅದು ನನಗೆ ಬಿಡು," ಎಂದರು. ನನಗೆ ಏನೂ ಬಗೆಹರಿಯಲಿಲ್ಲ.

ತಟ್ಟೆ ಬಂತು. ಮೊಮ್ಮಗಳೊಬ್ಬಳು ಟೀಪಾಯಿ ಎಳೆಯಲು ಹೋದಾಗ ಮಾಮಾ "ಮಾಫಿ" ಎಂದು ಕೈಯಾಡಿಸಿದರು, ಬೇಡ ಎಂದು. ಸೋಫಾದ ಅಂಚು ಒಂದು ಕೈಯಲ್ಲಿ, ನನ್ನ ಮೊಣಕೈ ಇನ್ನೊಂದರಲ್ಲಿ ಹಿಡಿದು ಇಳಿಯತೊಡಗಿದರು. ಅವರು ಕೂತರು. ಮಗಳೊಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿ ಅತ್ತಳು, ಎರಡನೆಯ ಮಗ ಎದ್ದು ಬಂದು ತಾಯಿಯ ಹಣೆಗೆ ಮುತ್ತಿಟ್ಟ. "ಇಟಲಿಯ ಕೆಸರು!" ಎಂದು ಅವನು ಎಲ್ಲರಿಗೂ ಹೇಳಿದ. ಮಾಮಾ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. "ಬಿಸ್ಮಿಲ್ಲಾ" ಎಂದು ತಟ್ಟೆಗೆ ಕೈ ಹಾಕಿ ಮಾಂಸ ಬಿಡಿಸತೊಡಗಿದರು. ಇದು ದೊಡ್ಡವನಿಗೆ, ಇದು ಸಣ್ಣವಳಿಗೆ. ಕೊಬ್ಬು ಆಗದವನಿಗೆ ಕೊಬ್ಬಿಲ್ಲದ್ದು, ಹಲ್ಲು ಬೀಳುತ್ತಿದ್ದ ಮೊಮ್ಮಗನಿಗೆ ಮೆತ್ತಗಿನದ್ದು. ಇಷ್ಟು ವರ್ಷ ಸೋಫಾದಿಂದ ನೋಡಿದ್ದೆಲ್ಲ ಲೆಕ್ಕದಲ್ಲಿಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು. ಅವರ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಊಟ ಮುಗಿಯಿತು. ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದರು. ಚಹಾ ಆಚೆ ಕೋಣೆಯಲ್ಲಿ. ಮಾಮಾ ಏಳಲಿಲ್ಲ. ತಟ್ಟೆ ಎತ್ತಲು ಅಡುಗೆಯವರು ಬಂದರು. ಮಾಮಾ ಅವರಿಗೆ ಬಿಡಿ ಎಂದು ಸನ್ನೆ ಮಾಡಿ, ತಲೆ ಹಿಂದಕ್ಕೆ ತಿರುಗಿಸಿ ನನ್ನನ್ನು ನೋಡಿದರು.

"ಯಲ್ಲಾ ಬಿಂತಿ, ಕೂತ್ಕೋ. ಊಟ ಮಾಡು."

ಆ ಸುಪ್ರದ ಮೇಲೆ ನಾನು ಒಮ್ಮೆಯೂ ಕೂತವಳಲ್ಲ. ಅಡುಗೆಯವರು ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಕಾಲು ತಾನಾಗಿ ಮಡಚಿತು, ಕೂತೆ. ಅಷ್ಟರಲ್ಲಿ ಹಿರಿಯ ಮಗಳು ಬಾಗಿಲಿಗೆ ಬಂದಳು. "ಉಮ್ಮಿ, ಏಳುವುದಿಲ್ಲವಾ? ಚಹಾ ಆರುತ್ತದೆ."

"ಕಾಣುವುದಿಲ್ಲವಾ ನಿನಗೆ? ಇವಳು ಉಣ್ಣುತ್ತಾ ಇದ್ದಾಳೆ. ಒಬ್ಬಳನ್ನೇ ಬಿಟ್ಟು ಹೇಗೆ ಏಳುವುದು?"

ಮಗಳು ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಆ ಮನೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. "ಹಾಗಾದರೆ ಚಹಾ ಇಲ್ಲಿಗೇ ಕಳಿಸುತ್ತೇನೆ," ಎಂದು ಹೋದಳು.

ಮಾಮಾ ನನ್ನ ಕಡೆ ಬಗ್ಗಿ, "ನಿಧಾನ ತಿನ್ನು. ಮಕ್ಕಳೆಲ್ಲ ಹೊರಗೆ ಹೋಗಲಿ," ಎಂದು ಪಿಸುಗುಟ್ಟಿದರು. ಎಂಥ ಕಿಲಾಡಿ ಮುದುಕಿ ಎಂದುಕೊಂಡೆ. ನನ್ನನ್ನು ಅತಿಥಿ ಮಾಡಿ ತಮ್ಮ ಮಂಡಿಯನ್ನು ಮುಚ್ಚಿಟ್ಟುಕೊಂಡರು. ನಗು ಬರುತ್ತಿತ್ತು, ಅವರ ಉಪಾಯವನ್ನು ಆಡಿಕೊಳ್ಳಬೇಕೆಂದು ಬಾಯಿಯನ್ನೂ ತೆರೆದೆ.

ಆಗ ಅವರು ತಮ್ಮ ಮುಂದಿನ ಅನ್ನವನ್ನು ಬೆರಳಿನಿಂದ ಸರಿಸಿದರು. ಕೆಳಗೆ ಒಂದು ತುಂಡು ಮಾಂಸವಿತ್ತು, ಎಲುಬಿನ ಪಕ್ಕದ್ದು, ಆ ಕುರಿಯಲ್ಲಿ ಅದಕ್ಕಿಂತ ಒಳ್ಳೆಯದು ಇರಲಾರದು. ಹಂಚಲು ಕೂತಾಗ ಮೊದಲು ಬಿಡಿಸಿ ಬದಿಗಿಟ್ಟ ತುಂಡು ಅದು. ಸಣ್ಣ ಮೊಮ್ಮಗನಿಗೆ ಎಂದುಕೊಂಡಿದ್ದೆ. ಅದನ್ನು ನನ್ನ ಮುಂದೆ ತಳ್ಳಿದರು.

ಆಮೇಲೆ ನಾನು ಆ ಮನೆಯಲ್ಲಿದ್ದಷ್ಟು ವರ್ಷ ಶುಕ್ರವಾರಗಳು ಹಾಗೆಯೇ ನಡೆದವು. ಅವರು ತಾವಾಗಿ ಇಳಿಯುತ್ತಿದ್ದರು, ಎಲ್ಲರೂ ಹೋದ ಮೇಲೆ ನಾನು ಎತ್ತುತ್ತಿದ್ದೆ. ಆ ಕುಟುಂಬದಿಂದ ಇನ್ನೂ ಎಷ್ಟೋ ಮಂಡಿಗಳು ಇಟಲಿಯ ಕೆಸರಿಗೆ ಹೋಗಿ ಬಂದವು. ಆದರೆ ಆ ಮೊದಲ ದಿನ ನಾನು ತುತ್ತು ಬಾಯಿಗಿಡಲಾರದೆ ತಲೆ ತಗ್ಗಿಸಿ ಅತ್ತೆ. ನೆಪಕ್ಕೆ ಕೂರಿಸುವುದಿದ್ದರೆ ಅನ್ನ ಸಾಕಿತ್ತು. ಆ ತುಂಡು ಬೇಕಾಗಿರಲಿಲ್ಲ.